ಟೈಲರ್ ಕೈಗೆ ಏಟು ಬಿದ್ರೆ ಕ್ಲೇಮ್ ಹೇಗೆ ಮಾಡೋದು: ನನ್ನ ಅನುಭವ

ಆಕ್ಸಿಡೆಂಟ್ ಕ್ಲೇಮ್ ಅಂದ ತಕ್ಷಣ ಎಲ್ಲರೂ ಆಸ್ಪತ್ರೆ ಬಿಲ್ ಜೋಪಾನ ಅಂತಾರೆ, ಸರೀನೇ, ಆದ್ರೆ ನನ್ನ ಕೇಸಲ್ಲಿ ಬಿಲ್ ಬಗ್ಗೆ ಇನ್ಶೂರೆನ್ಸ್‌ನೋರು ಜಾಸ್ತಿ ತಕರಾರೇ ತೆಗೀಲಿಲ್ಲ. ಜಗಳ ನಡೆದಿದ್ದೆಲ್ಲಾ ನಾನು ಎಷ್ಟು ದುಡೀತಿದ್ದೆ, ಈಗ ಎಷ್ಟು ಆಗಲ್ಲ ಅನ್ನೋದ್ರ ಮೇಲೆ. ಗುಬ್ಬೀಲಿ ಬ್ಲೌಸ್ ಹೊಲಿಯೋ ಅಂಗಡಿ ನಂದು, ಸ್ಯಾಲರಿ ಸ್ಲಿಪ್ ಎಲ್ಲಿಂದ ತರ್ಲಿ?

ಆಗಿದ್ದಿಷ್ಟು. ಚಿತ್ರದುರ್ಗದಲ್ಲಿ ಮದುವೆ ಮುಗಿಸ್ಕೊಂಡು ಅಣ್ಣನ ಕಾರಲ್ಲಿ ವಾಪಸ್ ಬರ್ತಿದ್ವಿ, ಹಿರಿಯೂರು ಹತ್ರ ಒಂದು ಕ್ಯಾಂಟರ್ ರಾಂಗ್ ಸೈಡಲ್ಲಿ ಬಂದು ಗುದ್ದಿತು. ಅಣ್ಣನಿಗೆ ತರಚಿದ ಗಾಯ, ನನಗೆ ಬಲಗೈ ಮಣಿಕಟ್ಟಿನ ಮೂಳೆ ಮುರೀತು. ತುಮಕೂರಿಗೆ ಬಂದು ಆಪರೇಷನ್, ಪ್ಲೇಟು, ಸ್ಕ್ರೂ.

ಮೊದಲು ಹೋದ ಆಸ್ಪತ್ರೇಲೇ ಎಂಎಲ್‌ಸಿ (ಪೊಲೀಸ್ ಕೇಸ್ ಅಂತ ಆಸ್ಪತ್ರೆ ಬರೆಯೋ ದಾಖಲೆ) ಮಾಡ್ಸಿದ್ವಿ, ನಾನು ಮಲಗಿದ್ದಾಗ ಅಣ್ಣನೇ ಸ್ಟೇಷನ್‌ಗೆ ಹೋಗಿ ದೂರು ಕೊಟ್ಟ. ಆಮೇಲೆ ಎಫ್‌ಐಆರ್, ಸ್ಥಳ ಮಹಜರು, ಸ್ಕೆಚ್, ಐಎಂವಿ ರಿಪೋರ್ಟ್ (ಗಾಡಿ ತಪಾಸಣೆ ವರದಿ), ವೂಂಡ್ ಸರ್ಟಿಫಿಕೇಟ್ (ಗಾಯದ ಬಗ್ಗೆ ಡಾಕ್ಟರ್ ಕೊಡೋದು), ಚಾರ್ಜ್‌ಶೀಟ್ ಒಂದೊಂದಾಗಿ ಕೈಗೆ ಬಂತು. ಮೂಳೆ ಮುರಿದ್ರೆ ಕಾನೂನಲ್ಲಿ ಅದು ಗ್ರೀವಿಯಸ್, ಅಂದ್ರೆ ತೀವ್ರ ಗಾಯ, ಹಂಗಾಗಿ ವೂಂಡ್ ಸರ್ಟಿಫಿಕೇಟಲ್ಲಿ ಸಿಂಪಲ್ ಅಂತ ಇದ್ರೆ ಸುಮ್ನಿರ್ಬೇಡಿ. ಕ್ಯಾಂಟರ್‌ದು ಇನ್ಶೂರೆನ್ಸ್ ಇದ್ಯಾ ಅಂತ ಎಂಪರಿವಾಹನ್ ಆ್ಯಪಲ್ಲಿ ನಂಬರ್ ಹಾಕಿ ನೋಡಿದ್ವಿ, ಇತ್ತು, ದೇವರು ದೊಡ್ಡೋನು. ತಪ್ಪು ಅಣ್ಣಂದೇ ಆಗಿದ್ದು, ಅವನ ಕಾರಿಗೆ ಬರೀ ಥರ್ಡ್ ಪಾರ್ಟಿ ಪಾಲಿಸಿ ಇದ್ದಿದ್ರೆ ಒಳಗೆ ಕೂತ ನನಗೆ ಆ ಪಾಲಿಸೀಲಿ ಏನೂ ಸಿಗ್ತಿರ್ಲಿಲ್ಲ, ಅದಕ್ಕೆ ಪ್ಯಾಕೇಜ್ ಪಾಲಿಸಿ (ಫುಲ್ ಇನ್ಶೂರೆನ್ಸ್ ಅಂತಾರಲ್ಲ, ಅದು) ಬೇಕು. ಇದು ತುಂಬಾ ಜನಕ್ಕೆ ಗೊತ್ತಿಲ್ಲ.

ಕೇಸ್ ಹಾಕೋಕೆ ಹಿರಿಯೂರಿಗೇ ಹೋಗ್ಬೇಕು ಅಂದ್ಕೊಂಡಿದ್ವಿ. ಬೇಡ, ಮೋಟಾರು ವಾಹನ ಕಾಯ್ದೆ 166ನೇ ಸೆಕ್ಷನ್‌ನಲ್ಲಿ ನಾವು ವಾಸ ಇರೋ ಕಡೆನೂ ಹಾಕ್ಬಹುದು, ಹಾಗಾಗಿ ತುಮಕೂರು. ಆಕ್ಸಿಡೆಂಟ್ ಆಗಿ 6 ತಿಂಗಳೊಳಗೆ ಹಾಕ್ಬೇಕು ಅನ್ನೋ ರೂಲು 2022ರ ಏಪ್ರಿಲ್‌ನಿಂದ ವಾಪಸ್ ಬಂದಿದೆ, ಕೈ ವಾಸಿ ಆಗ್ಲಿ ನೋಡೋಣ ಅಂತ ಕೂರ್ಬೇಡಿ. ಆಸ್ಪತ್ರೆ ಬಾಗಿಲಲ್ಲೇ ಏಜೆಂಟ್‌ಗಳು ಬಂದು, ಪರಿಹಾರ ಬಂದಿದ್ರಲ್ಲಿ ಇಷ್ಟು ಪರ್ಸೆಂಟ್ ಕೊಡಿ ಅಂತಾರೆ. ವಕೀಲರು ಹಂಗೆ ಪರ್ಸೆಂಟ್ ಲೆಕ್ಕದಲ್ಲಿ ಫೀಸ್ ಮಾತಾಡೋ ಹಾಗಿಲ್ಲ ಅಂತ ಬಾರ್ ಕೌನ್ಸಿಲ್ ರೂಲೇ ಇದೆ. ಹೆಂಗಸರಿಗಂತೂ ಆದಾಯ ಎಷ್ಟೇ ಇರ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಫ್ರೀಯಾಗಿ ವಕೀಲರನ್ನ ಕೊಡ್ತಾರೆ, ನನಗೆ ಸಿಕ್ಕ ಮೇಡಂ ಅಲ್ಲಿಂದಲೇ.

ಈಗ ಮುಖ್ಯ ವಿಷಯ. ಡಾಕ್ಟರು ಬಲಗೈಗೆ 36 ಪರ್ಸೆಂಟ್ ಡಿಸೆಬಿಲಿಟಿ ಅಂತ ಬರೆದ್ರು. ಇನ್ಶೂರೆನ್ಸ್‌ನೋರ ಲೆಕ್ಕ ಏನಂದ್ರೆ ಕೈದು 36 ಆದ್ರೆ ಇಡೀ ದೇಹಕ್ಕೆ ಮೂರಲ್ಲೊಂದು ಭಾಗ, 12. ನಮ್ಮ ಮೇಡಂ ಹೇಳಿದ್ದು, 2010ರಲ್ಲಿ ರಾಜ್‌ಕುಮಾರ್ ವರ್ಸಸ್ ಅಜಯ್‌ಕುಮಾರ್ ಕೇಸಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ, ದೇಹಕ್ಕೆ ಎಷ್ಟು ಪರ್ಸೆಂಟ್ ಅನ್ನೋದು ಬೇರೆ, ಅದ್ರಿಂದ ದುಡಿಮೆಗೆ ಎಷ್ಟು ಪೆಟ್ಟು ಬಿತ್ತು ಅನ್ನೋದು ಬೇರೆ, ಕೋರ್ಟ್ ನೋಡ್ಬೇಕಾಗಿದ್ದು ಎರಡನೇದು ಅಂತ. ಮೇಷ್ಟ್ರಿಗೆ ಮಣಿಕಟ್ಟು ಪೂರ್ತಿ ತಿರುಗ್ದೆ ಇದ್ರೂ ಪಾಠ ನಡೆಯುತ್ತೆ, ನನಗೆ ಕತ್ತರೀನೇ ಹಿಡಿಯೋಕಾಗಲ್ಲ.

ಅದನ್ನ ತೋರಿಸ್ಬೇಕಲ್ಲ. ಮೂರು ವರ್ಷದ ಅಳತೆ ಪುಸ್ತಕಗಳನ್ನ ತಗೊಂಡೋದೆ, ಹೆಸರು, ಅಳತೆ, ಡೆಲಿವರಿ ತಾರೀಕು, ಅಡ್ವಾನ್ಸು, ಪಕ್ಕದಲ್ಲಿ ಬಟ್ಟೆ ಚೂರು ಪಿನ್ ಮಾಡಿರೋದು ಎಲ್ಲಾ ಹಂಗೇ ಇತ್ತು. ಫೋನ್‌ಪೇ ದುಡ್ಡು ಬರೋ ಅಕೌಂಟಿನ ಸ್ಟೇಟ್‌ಮೆಂಟು, ಉದ್ಯಮ್ ಸರ್ಟಿಫಿಕೇಟು (ಸಣ್ಣ ಉದ್ಯಮದ ಸರ್ಕಾರಿ ನೋಂದಣಿ), ಅಂಗಡಿ ಬಾಡಿಗೆ ಕರಾರು ಇಷ್ಟೂ ಕೊಟ್ವಿ. ಪಾಟೀಸವಾಲಲ್ಲಿ ಆ ಕಡೆ ವಕೀಲರು ಕೇಳಿದ್ರು, ನಿಮ್ಮ ಅಂಗಡೀಲಿ ಕೆಲಸದ ಹುಡುಗಿ ಇದಾಳಲ್ಲಮ್ಮ, ಅವಳೇ ಹೊಲೀತಾಳಲ್ಲ? ನಾನಂದೆ, ಸಾರ್, ಅವಳು ಹೆಮ್ಮಿಂಗು, ಹುಕ್ಕು ಮಾಡ್ತಾಳೆ, ಕಟಿಂಗ್ ನಂದು, ಗಿರಾಕಿ ಬರೋದೇ ಕಟಿಂಗ್ ನೋಡಿ. ಜಡ್ಜ್ ಅದನ್ನ ಬರೆಸ್ಕೊಂಡ್ರು. ಸರ್ಟಿಫಿಕೇಟ್ ಕೊಟ್ಟ ಡಾಕ್ಟರೂ ಬಂದು ಸಾಕ್ಷಿ ಹೇಳ್ಬೇಕು, ಬರೀ ಕಾಗದ ಇಟ್ರೆ ನಡೆಯಲ್ಲ, ಅವರ ಡೇಟ್ ಹಿಡಿಯೋದ್ರಲ್ಲೇ ನಮಗೆ ಸಾಕುಸಾಕಾಯ್ತು.

ಮಧ್ಯೆ ಲೋಕ್ ಅದಾಲತ್‌ಗೆ (ಎರಡೂ ಕಡೆ ರಾಜಿ ಮಾಡ್ಕೊಳ್ಳೋ ಜಾಗ) ಕರೆದು 12ರ ಲೆಕ್ಕದಲ್ಲೇ ಕೊಡ್ತೀವಿ ಅಂದ್ರು. ಬೇಗ ಮುಗಿಯುತ್ತೆ ನಿಜ, ಆದ್ರೆ ಅಲ್ಲಿ ಒಪ್ಕೊಂಡು ಸೈನ್ ಹಾಕಿದ್ರೆ ಅಪೀಲ್ ಇಲ್ಲ, ಬೇಡ ಅಂದೆ. ಕೊನೇಗೆ ಕೋರ್ಟ್ ತಿಂಗಳ ದುಡಿಮೆ 20 ಸಾವಿರ ಅಂತ ಒಪ್ತು, ದುಡಿಮೆ ನಷ್ಟ 18 ಪರ್ಸೆಂಟ್ ಅಂತು. ನನ್ನ ವಯಸ್ಸು 38, ಆ ವಯಸ್ಸಿಗೆ ಮಲ್ಟಿಪ್ಲೈಯರ್ (ವರ್ಷದ ದುಡಿಮೇನ ಎಷ್ಟರಿಂದ ಗುಣಿಸ್ಬೇಕು ಅನ್ನೋ ಸಂಖ್ಯೆ) 15. ವರ್ಷಕ್ಕೆ 2,40,000, ಅದನ್ನ 15ರಿಂದ ಗುಣಿಸಿದ್ರೆ 36 ಲಕ್ಷ, ಅದ್ರಲ್ಲಿ 18 ಪರ್ಸೆಂಟ್ 6,48,000. ಅವರ 12 ಹಿಡಿದಿದ್ರೆ ಇದೇ ಬಾಬ್ತಿಗೆ 4,32,000 ಬರ್ತಿತ್ತು. ಆಸ್ಪತ್ರೆ ಖರ್ಚು, ನೋವು, ಅಂಗಡಿ ಮುಚ್ಚಿದ್ದ ತಿಂಗಳುಗಳು, ಓಡಾಟ, ಇವೆಲ್ಲಾ ಬೇರೆ.

ಬಡ್ಡಿ ಅರ್ಜಿ ಹಾಕಿದ ದಿನದಿಂದ ಬಂತು, ಒಂದು ಭಾಗ ಎಫ್‌ಡಿ ಇಡ್ಸಿದ್ರು. ಪ್ಲೇಟ್ ತೆಗೆಸೋಕೆ ಅಂತ ಕೊಟ್ಟ ದುಡ್ಡಿಗೆ ಮಾತ್ರ ಬಡ್ಡಿ ಇಲ್ಲ, ಆ ಖರ್ಚು ಇನ್ನೂ ಆಗಿಲ್ವಲ್ಲ ಅಂತ. ಡಾಕ್ಟರು ಬೇಗ ತೆಗೆಸಿ ಅಂತಿದಾರೆ, ಮದುವೆ ಸೀಸನ್ ಆರ್ಡರ್ ಮುಗೀಲಿ ಸಾರ್ ಅಂದಿದೀನಿ.