ಜಗಲಿಯಲ್ಲಿ ಕಾಗದದ ದೆವ್ವಗಳು

ಚಿಕ್ಕ ಮಕ್ಕಳಿಗೆ ಕಾಗದ ಮಡಚುವುದನ್ನು ಹೇಳಿಕೊಡುವಾಗ ನಾನು ಇಟ್ಟುಕೊಂಡಿರುವ ಕಟ್ಟಳೆ ಎರಡೇ. ಮಡಿಕೆ ಆರನ್ನು ದಾಟಬಾರದು. ಮುಖ ಬರೆಯುವ ಕೆಲಸಕ್ಕೆ ದೊಡ್ಡವರು ಕೈ ಹಾಕಬಾರದು. ನಾಲ್ಕರಿಂದ ಏಳು ವರ್ಷದ ಕೇರಿಯ ಮಕ್ಕಳು ಶನಿವಾರ ಮಧ್ಯಾಹ್ನ ಸಾಗರದ ನಮ್ಮ ಮನೆಯ ಜಗಲಿಗೆ ಬರುತ್ತಾರೆ. ವರ್ಷವಿಡೀ ದೋಣಿ, ಟೋಪಿ, ಕಪ್ಪೆ ಮಾಡುವ ಅವರಿಗೆ ಅಕ್ಟೋಬರ್ ಕೊನೆಗೆ ಮಾತ್ರ ದೆವ್ವ, ಬಾವಲಿ, ಕರಿಬೆಕ್ಕು ಬೇಕು. ಅಕ್ಟೋಬರ್ 31ರ ರಾತ್ರಿಯ ಹ್ಯಾಲೋವೀನ್, ಅಂದರೆ ಹೊರದೇಶದವರ ದೆವ್ವದ ಹಬ್ಬ, ನಮ್ಮ ಕಡೆಗೆ ಬಂದದ್ದು ಟೀವಿಯ ಕಾರ್ಟೂನುಗಳಿಂದ, ಮತ್ತೆ ಬೆಂಗಳೂರಿನಿಂದ ರಜೆಗೆ ಬರುವ ಮೊಮ್ಮಕ್ಕಳಿಂದ.

“ಹಬ್ಬದ ಹೊತ್ತಿಗೆ ಮನೆಯಲ್ಲಿ ಕೂತು ದೆವ್ವ ಮಾಡುತ್ತೀಯೇನೇ?” ಎಂದು ಅತ್ತೆ ಗದರಿದ್ದುಂಟು. 2024ರಲ್ಲಂತೂ ಅಕ್ಟೋಬರ್ 31ಕ್ಕೇ ನರಕ ಚತುರ್ದಶಿ ಬಿದ್ದಿತ್ತು. ಆಗ ಅವರಿಗೆ ಐರ್ಲೆಂಡಿನವರು ಹೇಳುವ ಜಾಕನ ಕಥೆ ಹೇಳಿದೆ. ಸೈತಾನನಿಗೇ ಟೋಪಿ ಹಾಕಿದ ಜುಗ್ಗ ಅವನು. ಸತ್ತ ಮೇಲೆ ಸ್ವರ್ಗದವರೂ ಸೇರಿಸಲಿಲ್ಲ, ನರಕದವರೂ ಸೇರಿಸಲಿಲ್ಲ. ಟರ್ನಿಪ್ ಗೆಡ್ಡೆಯೊಳಗೆ ಒಂದು ಕೆಂಡ ಇಟ್ಟುಕೊಂಡು ಇವತ್ತಿಗೂ ಕತ್ತಲಲ್ಲಿ ಅಲೆಯುತ್ತಿದ್ದಾನಂತೆ. ಹ್ಯಾಲೋವೀನಿಗೆ ಗೆಡ್ಡೆ ಕೊರೆದು ದೀಪ ಇಡುತ್ತಿದ್ದ ಐರ್ಲೆಂಡಿನವರು ಅಮೆರಿಕಕ್ಕೆ ಹೋದ ಮೇಲೆ ಗೆಡ್ಡೆ ಬಿಟ್ಟು, ಅಲ್ಲಿ ಹೇರಳವಾಗಿದ್ದ ಸಿಹಿಗುಂಬಳವನ್ನೇ ಕೊರೆಯತೊಡಗಿದರು. “ಹಾಗಾದರೆ ಅದು ನಮ್ಮ ಕೊಳ್ಳಿದೆವ್ವವೇ” ಎಂದು ಅತ್ತೆ ತೀರ್ಮಾನ ಕೊಟ್ಟರು. ವೇಷ ಹಾಕಿದ ಮಕ್ಕಳು ಮನೆಮನೆಗೆ ಹೋಗಿ ಮಿಠಾಯಿ ಕೇಳುವುದನ್ನು ವಿವರಿಸುವ ಕಷ್ಟವೂ ಬರಲಿಲ್ಲ. ದೀಪಾವಳಿಯ ರಾತ್ರಿ ಅಂಟಿಕೆ ಪಂಟಿಕೆಯವರು ದೀಪ ಹಿಡಿದು ಹಾಡುತ್ತ ಬರುವುದು, ಮನೆಯವರು ದೀಪಕ್ಕೆ ಎಣ್ಣೆ ಎರೆದು ಅಕ್ಕಿ, ಕಾಸು ಕೊಡುವುದು ಅವರಿಗೆ ಗೊತ್ತಿಲ್ಲದ್ದೇನಲ್ಲ.

ಕಾಗದಕ್ಕೆ ಬರೋಣ. ಡ್ರಾಯಿಂಗ್ ಶೀಟು, ಚಾರ್ಟ್ ಪೇಪರು ಈ ವಯಸ್ಸಿನ ಬೆರಳಿಗೆ ಬಗ್ಗುವುದಿಲ್ಲ. ಬಣ್ಣದ ಎ4 ಹಾಳೆ ಸಾಕು. ಅದರ ಒಂದು ಮೂಲೆಯನ್ನು ಎದುರಿನ ಉದ್ದನೆಯ ಅಂಚಿಗೆ ತಂದು ಮಡಚಿದರೆ ತ್ರಿಕೋನ ಸಿಗುತ್ತದೆ, ಪಕ್ಕದಲ್ಲಿ ಒಂದು ಪಟ್ಟಿ ಉಳಿಯುತ್ತದೆ. ಪಟ್ಟಿಯನ್ನು ಅಡಿಕೋಲಿಟ್ಟು ಹರಿದರೆ 21 ಸೆಂಟಿಮೀಟರಿನ ಚೌಕ ಒಂದು ಕಡೆ, 8.7 ಸೆಂಟಿಮೀಟರ್ ಅಗಲದ ಪಟ್ಟಿ ಇನ್ನೊಂದು ಕಡೆ. ಪಟ್ಟಿಯನ್ನು ಎಸೆಯಬೇಡಿ, ಅದಕ್ಕೂ ಕೆಲಸವಿದೆ. ಮಳೆ ಪೂರ್ತಿ ಹೊರಡದ ದಿನಗಳಲ್ಲಿ ಹಾಳೆ ತಣಸು ಹಿಡಿದು ಮೆತ್ತಗಾಗುತ್ತದೆ. ಎಷ್ಟು ತೀಡಿದರೂ ಮಡಿಕೆ ಮತ್ತೆ ಬಿಚ್ಚಿಕೊಳ್ಳುತ್ತದೆ. ನಾನು ಹಾಳೆಗಳನ್ನು ಗಟ್ಟಿ ಮುಚ್ಚಳದ ಬಿಸ್ಕತ್ತಿನ ಡಬ್ಬಿಯಲ್ಲಿಟ್ಟು, ಬೇಕಾದಷ್ಟನ್ನೇ ಹೊರಗೆ ತೆಗೆಯುತ್ತೇನೆ.

ನವೆಂಬರ್ 1ರ ರಾಜ್ಯೋತ್ಸವಕ್ಕೆಂದು ಆ ವಾರ ಅಂಗಡಿಗಳಲ್ಲಿ ಹಳದಿ, ಕೆಂಪು ಹಾಳೆಗೆ ಬರವಿಲ್ಲ. ಕಿತ್ತಳೆ ಬಣ್ಣದ್ದು ಸಿಗದಿದ್ದರೆ ನಮ್ಮ ಕುಂಬಳಕಾಯಿ ಹಳದಿಯಾಗುತ್ತದೆ, ಯಾವ ಮಗುವೂ ತಕರಾರು ಮಾಡಿಲ್ಲ. ಚೌಕದ ನಾಲ್ಕು ಮೂಲೆಗಳನ್ನೂ ಎರಡೆರಡು ಬೆರಳಿನಷ್ಟು ಹಿಂದಕ್ಕೆ ಮಡಚಿದರೆ ಕಾಯಿ ಸಿದ್ಧ. ಮೇಲೆ ಹಸಿರು ಚೂರಿನ ತೊಟ್ಟು. ನಾಲ್ಕು ವರ್ಷದವರು ಮೊದಲು ಮಾಡಬೇಕಾದದ್ದು ಇದನ್ನೇ, ಏಕೆಂದರೆ ಮೂಲೆಗಳು ಹೆಚ್ಚುಕಡಿಮೆಯಾದರೂ ಕುಂಬಳಕಾಯಿ ಕುಂಬಳಕಾಯಿಯಾಗಿಯೇ ಉಳಿಯುತ್ತದೆ. ಹೊಸ ಮನೆಗೆ ಕಟ್ಟುವ ದೃಷ್ಟಿಗುಂಬಳ ನೋಡಿ ಬೆಳೆದ ಮಕ್ಕಳು ಮೀಸೆ ಬರೆಯದೆ ಬಿಡುವುದಿಲ್ಲ. ಬರೆಯಲಿ ಬಿಡಿ.

ಉಳಿದ ಪಟ್ಟಿಯಿಂದ ಪುಟ್ಟ ಗೂಡುದೀಪವಾಗುತ್ತದೆ. ಉದ್ದಕ್ಕೆ ಎರಡಾಗಿ ಮಡಚಿ, ಮಡಿಕೆಯ ಕಡೆಯಿಂದ ಬೆರಳಗಲಕ್ಕೊಂದು ಸೀಳು ಕೊಡಬೇಕು. ಆಚೆಯ ಅಂಚಿಗೆ ಒಂದು ಬೆರಳು ಇರುವಾಗಲೇ ಕತ್ತರಿ ನಿಲ್ಲಬೇಕು. ಬಿಡಿಸಿ, ಸುರುಳಿ ಸುತ್ತಿ ಅಂಟಿಸಿ, ಮೇಲಿನಿಂದ ಮೆಲ್ಲಗೆ ಒತ್ತಿದರೆ ನಡು ಉಬ್ಬಿ ಥೇಟ್ ಸಿಹಿಗುಂಬಳವೇ. ಕತ್ತರಿ ನನ್ನ ಕೈಯಲ್ಲಿರುತ್ತದೆ, ಸುತ್ತುವುದು ಅವರದು. ಒಳಗೆ ಹಣತೆಯಾಗಲಿ ಮೇಣದಬತ್ತಿಯಾಗಲಿ ಇಡುವ ಮಾತೇ ಇಲ್ಲ. ಬ್ಯಾಟರಿಯ ಸಣ್ಣ ದೀಪವಿದ್ದರೆ ಸರಿ, ಇಲ್ಲದಿದ್ದರೆ ಬರಿದೇ ತೂಗಿದರೂ ಚೆಂದ. ಅಂಟಿಗೆ ಮೈದಾ ಗಂಜಿ ಕಾಯಿಸುತ್ತೇನೆ. ಹುಳ ತಿನ್ನದಿರಲೆಂದು ಹಳಬರು ಅದಕ್ಕೆ ಚಿಟಿಕೆ ಮೈಲುತುತ್ತ ಹಾಕುತ್ತಿದ್ದರು. ಬೋರ್ಡೋ ದ್ರಾವಣಕ್ಕೆಂದು ಅಡಿಕೆ ತೋಟದವರ ಮನೆಗಳಲ್ಲಿ ಅದು ಇದ್ದೇ ಇರುತ್ತದೆ, ಆದರೆ ವಿಷ. ಬೆರಳು ಚೀಪುವ ವಯಸ್ಸಿನವರು ಮುಟ್ಟುವ ಅಂಟಿಗೆ ಅದು ಬೇಡವೇ ಬೇಡ.

ಕರಿಬೆಕ್ಕಿಗೆ ನಾಲ್ಕು ಮಡಿಕೆ. ಚೌಕವನ್ನು ಕರ್ಣಕ್ಕೆ ಮಡಚಿ, ಚೂಪು ಮೇಲಿರುವಂತೆ ಇಡಿ. ಕೆಳಗಿನ ಎರಡು ತುದಿಗಳನ್ನು ಓರೆಯಾಗಿ ಮೇಲೆತ್ತಿದರೆ ಅವೇ ಕಿವಿ. ನಡುವಿನ ಚೂಪನ್ನು ಕೆಳಕ್ಕೆ ಮಡಚಿ ಮಗುಚಿ ಹಾಕಿದರೆ ಬೆಕ್ಕಿನ ಮೋರೆ. ಕಪ್ಪು ಹಾಳೆಯ ಮೇಲೆ ಪೆನ್ಸಿಲ್ ಕಾಣುವುದಿಲ್ಲ, ಸೀಮೆಸುಣ್ಣ ಕೊಡಿ. ಒಬ್ಬಳು ಎರಡು ಕಿವಿಯನ್ನೂ ಒಂದೇ ಕಡೆಗೆ ಬಗ್ಗಿಸಿ ತಂದಿದ್ದಳು. ಪಕ್ಕದಲ್ಲಿದ್ದ ಅವಳ ಅಮ್ಮ ಸರಿಪಡಿಸಲು ಕೈ ಚಾಚಿದರು. ಹುಡುಗಿ ಹಾಳೆಯನ್ನು ಎದೆಗೆ ಅವಚಿಕೊಂಡು, “ಅದು ಆ ಕಡೆ ಇಲಿಯ ಸದ್ದು ಕೇಳುತ್ತಿದೆ” ಎಂದಳು. ತಿದ್ದಲು ಹೊರಡುವ ಅಪ್ಪ ಅಮ್ಮಂದಿರಿಗೆ ಈಗ ನಾನು ಪ್ರತ್ಯೇಕ ಹಾಳೆ ಕೊಟ್ಟು ಮೂಲೆಯಲ್ಲಿ ಕೂರಿಸುತ್ತೇನೆ.

ಆರು ಮಡಿಕೆಯ ಲೆಕ್ಕ ಪೂರ್ತಿ ಖರ್ಚಾಗುವುದು ಬಾವಲಿಗೆ. ಆರು ವರ್ಷ ದಾಟಿದವರಿಗೆ ಮಾತ್ರ ಇದು. ಅದೇ ತ್ರಿಕೋನವನ್ನು ಚೂಪು ಕೆಳಗೆ ಬರುವಂತೆ ತಿರುಗಿಸಿ, ಮೇಲಿನ ಉದ್ದನೆಯ ಅಂಚನ್ನು ಎರಡು ಬೆರಳಿನಷ್ಟು ಕೆಳಕ್ಕೆ ಮಡಚಿ, ಹಾಳೆ ಮಗುಚಿ. ಒಂದೊಂದು ಮಗ್ಗುಲನ್ನೂ ನಡುವಿನತ್ತ ಮಡಚಿ, ಅರ್ಧದಿಂದ ಮತ್ತೆ ಹೊರಕ್ಕೆ ಬಿಡಿಸಬೇಕು. ಸೀರೆಯ ನೆರಿಗೆ ಹಿಡಿದಂತೆ ಎಂದು ನಾನು ಹೇಳಿದೊಡನೆ ಹೆಣ್ಣುಮಕ್ಕಳಷ್ಟೇ ಚುರುಕಾಗಿ ಗಂಡುಮಕ್ಕಳೂ ಹಿಡಿದರು. ಮೇಲಂಚಿನ ನಡುವೆ ಸಣ್ಣ ಕಚ್ಚು ಕತ್ತರಿಸಿದರೆ ಕಿವಿಗಳು ನಿಲ್ಲುತ್ತವೆ. ಹಣ್ಣಡಿಕೆ ಚೀಪಿ ಬೀಳಿಸುವ ಬಾವಲಿಯನ್ನು ತೋಟದ ಮನೆಯ ಮಕ್ಕಳಿಗೆ ಯಾರೂ ಪರಿಚಯಿಸಬೇಕಿಲ್ಲ. ನೆಟ್ಟಗೆ ತೂಗುಹಾಕಿದರೆ “ತಲೆಕೆಳಗು ಮಾಡಿ” ಎಂದು ಅವರೇ ತಿದ್ದುತ್ತಾರೆ.

ದೆವ್ವ ಬಿಳಿ ಹಾಳೆಯದು. ಕರ್ಣದ ಗೆರೆ ಮೂಡಿಸಿ ಬಿಡಿಸಿ. ಒಂದು ಮೂಲೆಯ ಎರಡೂ ಬದಿಯ ಅಂಚನ್ನು ಆ ಗೆರೆಗೆ ತಂದರೆ ಗಾಳಿಪಟದ ಆಕಾರ. ಅಗಲದ ತುದಿಯನ್ನು ಹಿಂದಕ್ಕೆ ಮಡಚಿದರೆ ತಲೆ, ಚೂಪಾದ ತುದಿಯನ್ನು ಪಕ್ಕಕ್ಕೆ ಬಗ್ಗಿಸಿದರೆ ಬಾಲ. ಕಾಲೆಲ್ಲಿ ಎಂದು ಕೇಳುವವರು ಇದ್ದೇ ಇರುತ್ತಾರೆ. ನಮ್ಮ ದೆವ್ವಕ್ಕೆ ಪಾದ ಹಿಂದುಮುಂದು, ಅವರದಕ್ಕೆ ಪಾದವೇ ಇಲ್ಲ ಎಂದು ಮುಂದೆ ಹೋಗುತ್ತೇನೆ.

ದೆವ್ವವೆಂದರೆ ಅಳುವ ಮಗುವಿಗೆ ಬಾಯಿಗೊಂಬೆ ಕೊಡಬೇಕು. ಇದಕ್ಕೆ ಇಡೀ ಎ4 ಹಾಳೆ ಬೇಕು. ಉದ್ದಕ್ಕೆ ಮೂರು ಪದರವಾಗುವಂತೆ ಮಡಚಿ ಪಟ್ಟಿ ಮಾಡಿ, ಅಂಚನ್ನು ಅಂಟಿಸಿ. ಪಟ್ಟಿಯನ್ನು ಅರ್ಧಕ್ಕೆ ಮಡಚಿ, ಎರಡೂ ತುದಿಗಳನ್ನು ಹೊರಮೈಯಿಂದ ಹಿಂದಕ್ಕೆ, ನಡುವಿನ ಮಡಿಕೆಯವರೆಗೆ ತನ್ನಿ. ಹಿಂದೆ ಎರಡು ಜೇಬು ತೆರೆದುಕೊಳ್ಳುತ್ತವೆ. ಮೇಲಿನದಕ್ಕೆ ನಾಲ್ಕು ಬೆರಳು, ಕೆಳಗಿನದಕ್ಕೆ ಹೆಬ್ಬೆರಳು. ಒಳಗೆ ಕೆಂಪು ನಾಲಗೆ, ಅಂಚಿಗೆ ಕೋರೆಹಲ್ಲು. ನಮ್ಮ ಜಗಲಿಯಲ್ಲಿ ಇದು ಡ್ರಾಕುಲಾ ಆದದ್ದು ಕಡಿಮೆ. ಅಪ್ಪನ ಹೆಗಲ ಮೇಲೆ ನಿದ್ದೆಗಣ್ಣಲ್ಲಿ ಯಕ್ಷಗಾನ ನೋಡಿದವರು ಹುಬ್ಬಿನ ಸುತ್ತ ಬಿಳಿ, ಕೆಂಪು ಚುಕ್ಕಿ ಇಟ್ಟು ಬಣ್ಣದ ವೇಷದ ರಾಕ್ಷಸನನ್ನೇ ಮಾಡುತ್ತಾರೆ, ಆರ್ಭಟವನ್ನೂ ಸೇರಿಸುತ್ತಾರೆ. ಅಳುತ್ತಿದ್ದ ಮಗುವಿನ ಕೈಗೇ ಆ ಬಾಯಿ ಬಂದ ಮೇಲೆ ಹೆದರಬೇಕಾದ ಸರದಿ ನಮ್ಮದು. ನಾವು ಚೆನ್ನಾಗಿ ಹೆದರಬೇಕು, ಇಲ್ಲದಿದ್ದರೆ ಮತ್ತೊಮ್ಮೆ ಆರ್ಭಟಿಸುತ್ತದೆ.