ಬಾಬಿ ಬ್ಲಾಂಡ್ ಕೇಳುವುದು ಹೇಗೆ: ಆಟದ ಪದ ಕೇಳಿ ಬೆಳೆದವರಿಗೆ

ಬ್ಲೂಸ್ ಅಂದರೆ ಅಮೆರಿಕದ ಕಪ್ಪು ಜನರ ಹಾಡಿನ ಒಂದು ಬಗೆ. ಆ ಹೆಸರು ಕೇಳಿದ ತಕ್ಷಣ ಹೆಚ್ಚಿನವರಿಗೆ ನೆನಪಾಗುವುದು ಗಿಟಾರು. ಹಾಗಾಗಿ ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಅಮೆರಿಕದ ಬ್ಲೂಸ್ ಗಾಯಕ ಬಾಬಿ ಬ್ಲಾಂಡ್ ಗಿಟಾರ್ ಹಿಡಿದು ಹೆಸರು ಮಾಡಿದವರಲ್ಲ. ಹಾಡು ಬರೆದು ಹೆಸರು ಮಾಡಿದವರೂ ಅಲ್ಲ. ಅವರ ಹತ್ತಿರ ಇದ್ದದ್ದು ಗಂಟಲು ಮಾತ್ರ, ಅದರಲ್ಲೇ ಅರುವತ್ತು ವರ್ಷ ಹಾಡಿ ಬದುಕಿದರು. ಕಾಸರಗೋಡಿನ ನಮಗೆ ಇದು ತೀರಾ ಹೊಸದಲ್ಲ ಅಲ್ವಾ? ಆಟಕ್ಕೆ, ಅಂದರೆ ಯಕ್ಷಗಾನಕ್ಕೆ, ಹೊರಡುವ ಮೊದಲು "ಇವತ್ತು ಪದಕ್ಕೆ ಯಾರು?" ಅಂತ, ಹಾಡುವ ಭಾಗವತರು ಯಾರು ಅಂತ, ಕೇಳುವ ಊರು ನಮ್ಮದು. ಆ ಕಿವಿ ಇದ್ದರೆ ಬ್ಲಾಂಡ್ ಕೇಳುವುದಕ್ಕೆ ಅರ್ಧ ತಯಾರಿ ಆಯಿತು. ಉಳಿದ ಅರ್ಧಕ್ಕೆ ನಾನು ಕಂಡುಕೊಂಡ ದಾರಿ ಹೇಳುತ್ತೇನೆ.

ಫೋನಿನ ಸ್ಪೀಕರಿನಲ್ಲಿ ಕೇಳಬೇಡಿ. ನಾನು ಮೊದಲ ಸಲ ಹಾಗೆ ಕೇಳಿ ಮೂರನೇ ಹಾಡಿಗೇ ಬಿಟ್ಟಿದ್ದೆ. ಟ್ರಂಪೆಟು, ಸ್ಯಾಕ್ಸೊಫೋನು ಎಲ್ಲ ಡಬ್ಬದೊಳಗೆ ಕೂತು ಊದಿದ ಹಾಗೆ ಇತ್ತು. ಸಾಧಾರಣ ಇಯರ್‌ಫೋನ್ ಸಾಕು. ಶೀಟಿನ ಮಾಡಿನ ಮೇಲೆ ಆಟಿಯ ಮಳೆ ಹೊಡೆಯುವಾಗ ಬೇಡ. ರಾತ್ರಿ ಊಟ ಆದ ಮೇಲೆ, ಅಡಿಕೆ ಸುಲಿಯುತ್ತಾ ಕೂತಿರುವಾಗ ಒಳ್ಳೆಯದು. ಕೈಗೆ ಕೆಲಸ ಇದ್ದರೆ ಕಿವಿ ಬಿಡುವಾಗಿರುತ್ತದೆ.

ಈಗ ಎಣಿಕೆ. ಬ್ಲೂಸಿನ ಲೆಕ್ಕ ಒಂದೇ ಸಂಜೆಯಲ್ಲಿ ಕೈಗೆ ಸಿಗುತ್ತದೆ. ಸಾಮಾನ್ಯವಾಗಿ ಒಂದು ಸಾಲು ಹಾಡುತ್ತಾರೆ, ಅದೇ ಸಾಲು ಇನ್ನೊಮ್ಮೆ, ಮೂರನೆಯ ಸಾಲು ಅದಕ್ಕೆ ಉತ್ತರ. ಒಂದೊಂದು ಸಾಲಿಗೆ ನಾಲ್ಕರಂತೆ ನಾಲ್ಕು ಸಲ, ಅಂದರೆ 16 ಎಣಿಕೆ. ಮೂರು ಸಾಲಿಗೆ 48. ಮತ್ತೆ ಮೊದಲಿಂದ. ಬ್ಲಾಂಡ್ 1962ರಲ್ಲಿ ಹೊರತಂದ 'ಸ್ಟಾರ್ಮಿ ಮಂಡೇ' ಹಾಕಿ, ತೊಡೆಯ ಮೇಲೆ ತಾಳ ಹಾಕುತ್ತಾ ಎಣಿಸಿ. ಟಿ-ಬೋನ್ ವಾಕರ್ 1947ರಲ್ಲಿ ಹಾಡಿದ್ದ ಹಾಡು ಅದು. ಬಹಳ ನಿಧಾನ, ಆದ್ದರಿಂದ ಲೆಕ್ಕ ತಪ್ಪುವುದಿಲ್ಲ. 16ರಲ್ಲಿ ಸುಮಾರು ಅರ್ಧಕ್ಕೇ ದನಿ ನಿಲ್ಲುತ್ತದೆ. ಉಳಿದ ಜಾಗದಲ್ಲಿ ವೇಯ್ನ್ ಬೆನೆಟ್ ಅವರ ಗಿಟಾರು ಮಾತಾಡುತ್ತದೆ. ಹಾಡುವವರು ಒಂದು ಮಾತು ಹೇಳುತ್ತಾರೆ, ಗಿಟಾರು ಹೌದು ಅನ್ನುತ್ತದೆ. ಗದ್ದೆಯಲ್ಲಿ ನೇಜಿ ನೆಡುವಾಗ ಒಬ್ಬರು ಪಾಡ್ದನ (ತುಳು ಜನಪದ ಹಾಡು) ಹೇಳಿ ಉಳಿದವರು ಎತ್ತಿಕೊಳ್ಳುವುದನ್ನು ಕೇಳಿದವರಿಗೆ ಇದು ಬೇಗ ಹಿಡಿಸುತ್ತದೆ. ಬ್ಲೂಸಿನ ಬೇರು ಇರುವುದೂ ಅಂಥ ಕಡೆಯೇ, ಅಮೆರಿಕದ ದಕ್ಷಿಣದ ಹತ್ತಿ ಹೊಲಗಳಲ್ಲಿ ಕಪ್ಪು ಜನ ದುಡಿಯುತ್ತಾ ಹೇಳಿಕೊಂಡ ಹಾಡುಗಳಲ್ಲಿ.

ಪದಗಳ ಅರ್ಥ ಹುಡುಕಲು ಹೋಗಬೇಡಿ, ಕನಿಷ್ಠ ಮೊದಲ ಮೂರು ಸಲ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಬಸ್ಸಿನಲ್ಲಿ ಮಲಯಾಳ ಅಂತ ಬೆಳೆದವರು ನಾವು. ದೈವಾರಾಧನೆಯ ತೆಯ್ಯದಲ್ಲಿ ಹಾಡುವ ತೋಟ್ಟಂ ಪಾಟ್ಟು ಪೂರ್ತಿ ತಿಳಿಯದಿದ್ದರೂ ರೋಮ ಎದ್ದು ನಿಂತದ್ದು ನಮಗೆಲ್ಲ ಗೊತ್ತುಂಟು.

ಆಮೇಲೆ ಹಾಡುಗಳನ್ನು ವಯಸ್ಸಿನ ಪ್ರಕಾರ ಕೇಳಿ. ಆ್ಯಪ್ ತಾನಾಗಿ ಕೊಡುವ ಪಟ್ಟಿ ಬೇಡ, ಅದರಲ್ಲಿ ಎಲ್ಲ ಕಾಲದ್ದೂ ಕಲಸಿ ಹೋಗಿರುತ್ತದೆ. ಬ್ಲಾಂಡ್ ಹುಟ್ಟಿದ್ದು 1930ರ ಜನವರಿ 27ರಂದು, ಟೆನ್ನೆಸ್ಸಿಯ ಹಳ್ಳಿಯಲ್ಲಿ. ಶಾಲೆ ಬೇಗ ಬಿಟ್ಟರು, ಓದುಬರಹ ಬರುತ್ತಿರಲಿಲ್ಲ. 1947ರಲ್ಲಿ ಅಮ್ಮನ ಜೊತೆ ಮೆಂಫಿಸ್ ಪೇಟೆಗೆ ಬಂದರು. ಅಲ್ಲಿನ ಬೀಲ್ ಸ್ಟ್ರೀಟ್ ಕಪ್ಪು ಸಂಗೀತಗಾರರ ಬೀದಿ. ಬಿ.ಬಿ. ಕಿಂಗ್, ಜಾನಿ ಏಸ್, ರಾಸ್ಕೋ ಗಾರ್ಡನ್ ಅನ್ನುವ ಹಾಡುಗಾರರೆಲ್ಲ ಅಲ್ಲೇ ಸಿಕ್ಕಿದ್ದು. ದೊಡ್ಡವರ ಕಾರು ಓಡಿಸಿಕೊಂಡು, ಸಾಮಾನು ನೋಡಿಕೊಂಡು ಇದ್ದ ಹುಡುಗ. 1952ರಲ್ಲಿ ಸೈನ್ಯ ಕರೆಯಿತು. ತಿರುಗಿ ಬರುವಾಗ ಜೊತೆಯವರೆಲ್ಲ ಮುಂದೆ ಹೋಗಿಯಾಗಿತ್ತು.

ಕೇಳಲು ಶುರು ಮಾಡಬೇಕಾದದ್ದು 1957ರಿಂದ. ಆ ವರ್ಷದ 'ಫಾರ್ದರ್ ಅಪ್ ದ ರೋಡ್' ಕಪ್ಪು ಜನರ ಸಂಗೀತದ ಚಾರ್ಟಿನಲ್ಲಿ ಮೊದಲ ಸ್ಥಾನಕ್ಕೆ ಹೋಯಿತು. ಗಟ್ಟಿ ದನಿ, ಚುರುಕು ನಡೆ. ಚೆನ್ನಾಗಿದೆ, ಆದರೆ ಬ್ಲಾಂಡ್ ಇನ್ನೂ ಬ್ಲಾಂಡ್ ಆಗಿಲ್ಲ. ಅದು ಮುಗಿದ ತಕ್ಷಣ 1959ರ 'ಐಲ್ ಟೇಕ್ ಕೇರ್ ಆಫ್ ಯೂ' ಹಾಕಿ. ಈಗ ನೋಡಿ. ದನಿ ಕೆಳಗಿಳಿದಿದೆ, ಹತ್ತಿರ ಬಂದಿದೆ, ಪಕ್ಕದಲ್ಲಿ ಕೂತು ಒಬ್ಬರಿಗೇ ಹೇಳಿದ ಹಾಗೆ. ಅದಾದ ಮೇಲೆ 1961ರ 'ಐ ಪಿಟಿ ದ ಫೂಲ್'. ಮೆತ್ತಗೆ ಬಂದ ದನಿ ಇದ್ದಕ್ಕಿದ್ದ ಹಾಗೆ ಗಂಟಲ ಆಳದಲ್ಲಿ ಗೊರಗೊರ ಅಂತ ಒಡೆಯುತ್ತದೆ. ನಮ್ಮ ಭಾವ ಇದನ್ನು ಕೇಳಿ ಮೊದಲು ಕೇಳಿದ್ದು, "ಎಂತ ಮಾರಾಯ, ಇವರಿಗೆ ಗಂಟಲು ಕಟ್ಟಿದೆಯಾ?" ಅಂತ. ಇನ್ನೊಮ್ಮೆ ಹಾಕಿದೆ. ಆಗ ಸುಮ್ಮನೆ ತಲೆ ಆಡಿಸಿದರು.

ಆ ಒಡಕು ಬಂದದ್ದು ಚರ್ಚಿನಿಂದ. ಮೊದಲಿದ್ದ ಎತ್ತರದ ಕಳ್ಳದನಿ (ಫಾಲ್ಸೆಟ್ಟೊ) ಹೋದ ಮೇಲೆ, ಅದರ ಜಾಗಕ್ಕೆ ಏನಾದರೂ ಬೇಕಿತ್ತು. ಸಿ.ಎಲ್. ಫ್ರಾಂಕ್ಲಿನ್ ಅನ್ನುವ ಪಾದ್ರಿಯ ಪ್ರವಚನದ ರೆಕಾರ್ಡನ್ನು ಮತ್ತೆ ಮತ್ತೆ ಕೇಳಿ, ಅವರು ಆವೇಶ ಬಂದಾಗ ಗಂಟಲು ಬಿರಿಯುವ ರೀತಿಯನ್ನು ಬ್ಲಾಂಡ್ ಕಲಿತರು. (ಗಾಯಕಿ ಅರೀಥಾ ಫ್ರಾಂಕ್ಲಿನ್ ಇವರ ಮಗಳು.) ಸೋಲ್ ಸಂಗೀತ ಅಂದರೇನು ಅಂತ ಯಾರಾದರೂ ಕೇಳಿದರೆ ನಾನು ಇದನ್ನೇ ತೋರಿಸುತ್ತೇನೆ. ದೇವರನ್ನು ಕರೆಯುವ ದನಿಯಲ್ಲಿ ಬಿಟ್ಟುಹೋದ ಹೆಣ್ಣನ್ನು ಕರೆಯುವುದು. ಅದೇ 1961ರ 'ಟರ್ನ್ ಆನ್ ಯುವರ್ ಲವ್ ಲೈಟ್' ಕೇಳಿ. ನಡುವೆ ಬೇರೆ ವಾದ್ಯವೆಲ್ಲ ನಿಂತು ಡ್ರಮ್ಮು ಮತ್ತು ದನಿ ಎರಡೇ ಉಳಿಯುವ ಜಾಗ ಉಂಟು. ಏರುಪದಕ್ಕೆ ಚೆಂಡೆ ಬಿದ್ದಾಗ ಮೈಯಲ್ಲಿ ಆಗುವುದು ಅಲ್ಲಿಯೂ ಆಗುತ್ತದೆ.

ದನಿಯ ಜೊತೆ ಹಿಮ್ಮೇಳಕ್ಕೂ ಕಿವಿ ಕೊಡಿ. ಒಂದು ಹಾಡನ್ನು ಮೂರು ಸಲ ಕೇಳುವುದು ನನ್ನ ರೂಢಿ: ಒಮ್ಮೆ ದನಿಗೆ, ಒಮ್ಮೆ ಊದುವ ವಾದ್ಯಗಳಿಗೆ, ಒಮ್ಮೆ ಎರಡೂ ಸೇರಿಸಿ. ಆ ವಾದ್ಯಗಳನ್ನು ಜೋಡಿಸಿದವರು ಜೋ ಸ್ಕಾಟ್, ಟ್ರಂಪೆಟ್ ವಾದಕ. ಎಲ್ಲಿ ಉಸಿರು ಬಿಡಬೇಕು, ಎಲ್ಲಿ ತಡೆಯಬೇಕು ಅಂತ ಬ್ಲಾಂಡ್‌ಗೆ ಹೇಳಿಕೊಟ್ಟವರು. 1961ರ 'ಟೂ ಸ್ಟೆಪ್ಸ್ ಫ್ರಮ್ ದ ಬ್ಲೂಸ್' ಆಲ್ಬಮ್ಮಿನಲ್ಲಿ ಹಾಡೂ ಹಿಮ್ಮೇಳವೂ ಒಂದಕ್ಕೊಂದು ಎಷ್ಟು ಜಾಗ ಬಿಟ್ಟುಕೊಡುತ್ತವೆ ಅಂದರೆ, ಸುಮಾರು ಅರ್ಧ ಗಂಟೆಯಲ್ಲಿ ಒಂದೂ ಜಾಸ್ತಿ ಸ್ವರ ಇಲ್ಲ ಅನ್ನಿಸುತ್ತದೆ. ಒಂದೇ ಆಲ್ಬಮ್ ಕೇಳುವ ಪುರುಸೊತ್ತು ಇದ್ದರೆ ಇದೊಂದೇ ಕೇಳಿ.

ರೆಕಾರ್ಡಿನ ಮೇಲೆ ಬರೆದ ಹೆಸರುಗಳನ್ನು ಮಾತ್ರ ಹಾಗೇ ನಂಬಬೇಡಿ. ಹಾಡು ಬರೆದವರು ಡೆಡ್ರಿಕ್ ಮ್ಯಾಲೋನ್ ಅಂತ ಅಲ್ಲಲ್ಲಿ ಕಾಣುತ್ತದೆ. ಅಂಥ ಕವಿ ಇರಲಿಲ್ಲ. ಅದು ಹ್ಯೂಸ್ಟನ್ನಿನ ಡ್ಯೂಕ್ ಕಂಪನಿಯ ಮಾಲೀಕ ಡಾನ್ ರೋಬಿ ಇಟ್ಟುಕೊಂಡ ಹೆಸರು. ಬರೆದವರಿಂದ ಹಾಡು ಕೊಂಡು ಆ ಹೆಸರು ಹಾಕುತ್ತಿದ್ದರು. ಸೈನ್ಯದಿಂದ ಬಂದ ಬ್ಲಾಂಡ್ ಮುಂದೆ ರೋಬಿ ಒಂದು ಕರಾರು ಇಟ್ಟರು, ಬ್ಲಾಂಡ್‌ಗೆ ಅದನ್ನು ಓದಲು ಬರುತ್ತಿರಲಿಲ್ಲ. ಸಹಿ ಹಾಕಲು ರೋಬಿಯೇ ಸಹಾಯ ಮಾಡಿದರು ಅಂತ ಬ್ಲಾಂಡ್ ಜೀವನಚರಿತ್ರೆ ಬರೆದ ಚಾರ್ಲ್ಸ್ ಫಾರ್ಲಿ ಹೇಳುತ್ತಾರೆ. ಒಂದು ರೆಕಾರ್ಡಿಗೆ ಬೇರೆಯವರಿಗೆ 2 ಸೆಂಟ್ ಸಿಗುವಾಗ ಇವರಿಗೆ ಅರ್ಧ ಸೆಂಟ್. ಇದು ಗೊತ್ತಾದ ಮೇಲೆ ಆ ಹಾಡುಗಳು ನನಗೆ ಬೇರೆಯಾಗಿ ಕೇಳತೊಡಗಿದವು. ಗೆದ್ದ ಹಾಡುಗಳಲ್ಲೂ ಅಷ್ಟು ದಣಿವು ಎಲ್ಲಿಂದ ಬಂತು ಅಂತ ಈಗ ಆಶ್ಚರ್ಯ ಆಗುವುದಿಲ್ಲ.

1968ರಲ್ಲಿ ಜೋ ಸ್ಕಾಟ್ ಬಿಟ್ಟುಹೋದರು. ಬ್ಲಾಂಡ್ ಕುಡಿತಕ್ಕೆ ಬಿದ್ದಿದ್ದರು, 1971ರಲ್ಲಿ ಬಿಟ್ಟರು. 1973ರಲ್ಲಿ ಡ್ಯೂಕ್ ಕಂಪನಿಯನ್ನೇ ಎಬಿಸಿ ಅನ್ನುವ ದೊಡ್ಡ ರೆಕಾರ್ಡ್ ಕಂಪನಿ ಕೊಂಡುಕೊಂಡಿತು. ಮುಂದಿನ ವರ್ಷ ಬಂದ 'ಡ್ರೀಮರ್' ಆಲ್ಬಮ್ಮಿನಲ್ಲಿ 'ಏಂಟ್ ನೋ ಲವ್ ಇನ್ ದ ಹಾರ್ಟ್ ಆಫ್ ದ ಸಿಟಿ' ಉಂಟು. ಮನೆಯಲ್ಲಿ ರ‍್ಯಾಪ್ ಕೇಳುವ ಮಕ್ಕಳಿದ್ದರೆ ಅವರಿಗೆ ಮೊದಲು ಇದನ್ನೇ ಹಾಕಿ. 2001ರಲ್ಲಿ ರ‍್ಯಾಪ್ ಹಾಡುಗಾರ ಜೇ-ಝೀ ತನ್ನ 'ದ ಬ್ಲೂಪ್ರಿಂಟ್' ಆಲ್ಬಮ್ಮಿಗೆ ಇದೇ ದನಿಯನ್ನು ತೆಗೆದುಕೊಂಡದ್ದು. "ಇದು ನಂಗೆ ಗೊತ್ತು" ಅಂತ ಅವರೇ ಹತ್ತಿರ ಬರುತ್ತಾರೆ. 1985ರಿಂದ ಮಲಾಕೊ ಕಂಪನಿಗೆ ಹಾಡಿದ್ದನ್ನು ನಿಧಾನಕ್ಕೆ ಕೇಳಿದರೂ ಆಯಿತು. 1992ರಲ್ಲಿ ರಾಕ್ ಆ್ಯಂಡ್ ರೋಲ್ ಹಾಲ್ ಆಫ್ ಫೇಮ್‌ಗೆ ಸೇರಿದರು. 2013ರ ಜೂನ್ 23ರಂದು ತೀರಿಕೊಂಡರು, 83 ವರ್ಷ.

ಕೊನೆಗೆ 1974ರ ಹಾಡು ಮುಗಿದ ಕೂಡಲೇ 1957ರದ್ದನ್ನು ಇನ್ನೊಮ್ಮೆ ಹಾಕಿ. ನಮ್ಮ ಮನೆಯಲ್ಲಿ ಹಾಗೆ ಹಾಕಿದಾಗ ರಾತ್ರಿ ಹನ್ನೊಂದು ದಾಟಿತ್ತು, ಅಡಿಕೆ ಬುಟ್ಟಿ ಖಾಲಿಯಾಗಿತ್ತು. ಭಾವ ಎದ್ದು ಹೊರಡಲಿಲ್ಲ. "ಆ ಮೆತ್ತಗೆ ಹೇಳುವ ಪದ ಉಂಟಲ್ಲ, ಅದನ್ನೊಮ್ಮೆ ಹಾಕು" ಅಂದರು.