ಮೊಮ್ಮಗನ ನೆಗಡಿ, ಅಜ್ಜಿಯ ಉಬ್ಬಸ

ಕೊಡಗಿನ ಸೋಮವಾರಪೇಟೆಯ ಆಸುಪಾಸಿನ ಕಾಫಿ ತೋಟಗಳ ಕಾರ್ಮಿಕರ ಲೈನ್ ಮನೆಗಳಿಂದ ಬರುವ ಸಿಒಪಿಡಿ (ಬಹುಮಟ್ಟಿಗೆ ಹೊಗೆಯಿಂದ ಶ್ವಾಸನಾಳ ಕಿರಿದಾಗಿ ಉಸಿರಾಟ ಕಷ್ಟವಾಗುವ ದೀರ್ಘಕಾಲದ ಕಾಯಿಲೆ) ರೋಗಿಗಳನ್ನು ಹಲವು ವರ್ಷಗಳಿಂದ ನೋಡುತ್ತಿದ್ದೇನೆ. ಅವರಲ್ಲಿ ಬೀಡಿ ಸೇದಿದ ಗಂಡಸರಿದ್ದಾರೆ. ಬೀಡಿ ಮುಟ್ಟದೆಯೂ ಸೌದೆ ಒಲೆಯ ಮುಂದೆ ಆಯುಷ್ಯ ಸವೆಸಿದ ಹೆಂಗಸರೂ ಇದ್ದಾರೆ. ಮಳೆ ಹಿಡಿದೊಡನೆ ಇವರ ಉಬ್ಬಸ ಏರುವುದನ್ನು ಮೊದಮೊದಲು ಥಂಡಿಯ ಲೆಕ್ಕಕ್ಕೆ ಸೇರಿಸಿ, ಬಂದವರಿಗೆಲ್ಲ ಆ್ಯಂಟಿಬಯೋಟಿಕ್ ಬರೆಯುತ್ತಿದ್ದೆ. ಅದು ನನ್ನ ತಪ್ಪು.

"ಅಮ್ಮಾ, ನಿಮಗಿಂತ ಮೊದಲು ಮನೆಯಲ್ಲಿ ಯಾರಿಗೆ ಶೀತ ಆಗಿತ್ತು?" ಎಂದು ಒಮ್ಮೆ ವೃದ್ಧೆಯೊಬ್ಬರನ್ನು ಕೇಳಿದೆ. "ಮೊಮ್ಮಗನಿಗೆ ಸಾರ್, ಶಾಲೆ ಶುರುವಾದ ವಾರವೇ" ಎಂದರು. ಅಂದಿನಿಂದ ಎಲ್ಲರನ್ನೂ ಇದನ್ನೇ ಕೇಳಿ ಬರೆದಿಡತೊಡಗಿದಾಗ, ಮೊದಲು ಮಗುವಿನ ನೆಗಡಿ, ಕೆಲವೇ ದಿನಗಳಲ್ಲಿ ಹಿರಿಯರ ಉಬ್ಬಸ ಎಂಬ ಕ್ರಮ ಮತ್ತೆ ಮತ್ತೆ ಕಂಡಿತು.

ನೆಗಡಿ ತರುವ ರೈನೋವೈರಸ್ ಆರೋಗ್ಯವಂತರನ್ನು ಕೆಲವು ದಿನ ಕಾಡಿ ಬಿಟ್ಟುಹೋಗುತ್ತದೆ. ಆದರೆ ಹೊಗೆಯಿಂದ ಮೊದಲೇ ಕಿರಿದಾದ ಶ್ವಾಸನಾಳಕ್ಕೆ ಅದು ಇಳಿದರೆ ಅಲ್ಲಿನ ಉರಿಯೂತ ಉಲ್ಬಣಿಸಿ, ಕಫ ಕಟ್ಟಿ, ಉಸಿರನ್ನು ಹೊರಬಿಡುವುದೇ ದೊಡ್ಡ ಶ್ರಮವಾಗುತ್ತದೆ. ಇನ್‌ಫ್ಲುಯೆಂಜಾ, ಆರ್‌ಎಸ್‌ವಿ (ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ಶ್ವಾಸನಾಳದ ವೈರಸ್) ಮತ್ತು ಕೊರೋನಾ ವೈರಸ್‌ಗಳೂ ಹೀಗೆಯೇ ಮಾಡುತ್ತವೆ. ಬ್ಯಾಕ್ಟೀರಿಯಾ ಎಷ್ಟೋ ಸಲ ಬರುವುದು ಆಮೇಲೆ, ವೈರಸ್ ತೆರೆದಿಟ್ಟ ದಾರಿಯಲ್ಲಿ.

ಹಾಗಾಗಿ ಈಗ ಕಫ ಹೆಚ್ಚಿ, ಹಳದಿ ಅಥವಾ ಹಸಿರು ಬಣ್ಣಕ್ಕೆ ತಿರುಗಿದವರಿಗೆ ಮಾತ್ರ ಆ್ಯಂಟಿಬಯೋಟಿಕ್ ಕೊಡುತ್ತೇನೆ. ಉಳಿದವರಿಗೆ ಶ್ವಾಸನಾಳ ಹಿಗ್ಗಿಸುವ ಔಷಧಿಯನ್ನು ಹೆಚ್ಚಿಸಿ, ಅಗತ್ಯವಿದ್ದರೆ ದಿನಕ್ಕೆ 40 ಮಿಲಿಗ್ರಾಂ ಪ್ರೆಡ್ನಿಸೊಲೋನ್ ಎಂಬ, ಉರಿಯೂತ ತಗ್ಗಿಸುವ ಸ್ಟೀರಾಯ್ಡ್ ಅನ್ನು 5 ದಿನ ಮಾತ್ರ ಕೊಡುತ್ತೇನೆ. ಆಮ್ಲಜನಕ ಕೊಡಬೇಕಾಗಿ ಬಂದರೆ ರಕ್ತದಲ್ಲಿ ಅದರ ಮಟ್ಟವನ್ನು ಶೇ. 88ರಿಂದ 92ರೊಳಗೆ ಇಡುತ್ತೇನೆ. ಗಾಬರಿಯಲ್ಲಿ ಹೆಚ್ಚು ಹರಿಸಿದರೆ ಇವರಲ್ಲಿ ಇಂಗಾಲದ ಡೈಆಕ್ಸೈಡ್ ಏರಿ ಮಂಪರು ಕವಿಯಬಹುದು. ಫ್ಲೂ ಲಸಿಕೆಯನ್ನು ಮಳೆಗೆ ಮೊದಲೇ, ಮೇ ತಿಂಗಳಲ್ಲಿ ಹಾಕಿಸುತ್ತೇನೆ. ಸ್ಪೇಸರ್ (ಔಷಧಿ ಎಳೆದುಕೊಳ್ಳಲು ಜೋಡಿಸುವ ಕೊಳವೆ) ಹಿಡಿದು ಇನ್‌ಹೇಲರ್ ಎಳೆಯುವುದನ್ನು ನನ್ನೆದುರಿಗೇ ಮಾಡಿಸಿ ನೋಡುತ್ತೇನೆ, ಏಕೆಂದರೆ ವರ್ಷಗಟ್ಟಲೆ ಬಳಸಿದವರೂ ಅದನ್ನು ತಪ್ಪಾಗಿ ಎಳೆಯುತ್ತಾರೆ.

ಕಷ್ಟವಿರುವುದು ಮನೆಯೊಳಗೆ. ಹೊರಗೆ ಬಿಡದೆ ಸುರಿಯುವ ಮಳೆ, ಒಳಗೆ ಹಸಿ ಸೌದೆಯ ಹೊಗೆ, ಒಲೆಯ ಮೇಲ್ಗಡೆ ಒಣಗಲು ಕಟ್ಟಿದ ಬಟ್ಟೆ. ಇರುವ ಒಂದೇ ಕೋಣೆಯಲ್ಲಿ ಅಜ್ಜಿಯ ಮಗ್ಗುಲಲ್ಲೇ ಮಲಗುವ ಮಗುವನ್ನು ದೂರವಿಡಿ ಎನ್ನಲು ನನಗೆ ಬಾಯಿ ಬರುವುದಿಲ್ಲ. ಅದರ ಬದಲು, ಮಗುವಿಗೆ ಮೂಗು ಸೋರಿದ ದಿನವೇ ನನಗೆ ಫೋನ್ ಮಾಡಿ ಎಂದು ಹೇಳಿ ಕಳುಹಿಸುತ್ತೇನೆ. ಕಳೆದ ಜುಲೈಯಲ್ಲಿ ಆ ವೃದ್ಧೆಯ ಸೊಸೆ ಹಾಗೆಯೇ ಮಾಡಿದರು. ಔಷಧಿ ಬೇಗ ಶುರುವಾಯಿತು, ಅತ್ತೆಯನ್ನು ಆಸ್ಪತ್ರೆಗೆ ಸೇರಿಸುವ ಪ್ರಮೇಯ ಬರಲಿಲ್ಲ.